ಪವರ್ ವೀಲ್‌ಚೇರ್ ನಿಂತುಬಿಟ್ಟರೆ: ಕೂತಲ್ಲಿಂದಲೇ ದೋಷ ಹುಡುಕುವ ಬಗೆ

ಸ್ಕೂಟರ್ ಕೆಟ್ಟರೆ ಬಸ್ಸು ಹಿಡಿಯಬಹುದು. ಪವರ್ ವೀಲ್‌ಚೇರ್ ಕೆಟ್ಟರೆ ಬಚ್ಚಲಿಗೆ ಹೋಗಲೂ ಯಾರನ್ನಾದರೂ ಕರೆಯಬೇಕು. ಬಾಗಿಲಿನ ಬೆಲ್ ಆದರೆ ಹೋಗಿ ತೆಗೆಯಲು ಆಗುವುದಿಲ್ಲ. ಆಫೀಸಿಗೆ ರಜೆ ಹಾಕಬೇಕು. ಮೆಕ್ಯಾನಿಕ್ ಬರುವ ತನಕ ಹಾಸಿಗೆಯೇ ಗತಿ. ಬೆಂಗಳೂರಿನಲ್ಲಿದ್ದರೆ ಎರಡು ಮೂರು ದಿನಕ್ಕೆ ಬರಬಹುದು. ಹಾವೇರಿಯಲ್ಲೋ ಬೀದರಿನಲ್ಲೋ ಇದ್ದರೆ ವಾರಗಳೇ ಹಿಡಿಯುತ್ತವೆ.

ಹಾಗಾಗಿ ಈ ಕೈಪಿಡಿಯನ್ನು ಕುರ್ಚಿ ಬಿಚ್ಚುವವರಿಗಾಗಿ ಬರೆದಿಲ್ಲ. ಅದರಲ್ಲಿ ಕೂತವರಿಗೆ ಮತ್ತು ಜೊತೆಗಿರುವವರಿಗೆ ಬರೆದಿದ್ದೇನೆ. ಕುರ್ಚಿ ನಿಂತಾಗ ಸಾಮಾನ್ಯವಾಗಿ ಏನಾಗುತ್ತದೆ? ಮನೆಯವರೆಲ್ಲ ಸುತ್ತ ನಿಂತು ಒಬ್ಬರಿಗೊಬ್ಬರು ಕೇಳುತ್ತಾರೆ. ಕೂತವರನ್ನು ಯಾರೂ ಕೇಳುವುದಿಲ್ಲ. ಆದರೆ ಕ್ಲಿಕ್ ಶಬ್ದ ಬಂತಾ ಇಲ್ಲವಾ, ನಿನ್ನೆಯಿಂದಲೇ ಎಡಕ್ಕೆ ಎಳೆಯುತ್ತಿತ್ತಾ, ದೀಪ ಎಷ್ಟು ಸಲ ಮಿನುಗಿತು, ಇದೆಲ್ಲ ಗೊತ್ತಿರುವುದು ಅವರಿಗೆ ಮಾತ್ರ. ದೋಷ ಹುಡುಕುವ ಕೆಲಸ ಅವರಿಂದಲೇ ಶುರುವಾಗಬೇಕು. ನಿಮಗೆ ಕೈಯಿಂದ ಸ್ಕ್ರೂ ತಿರುಗಿಸಲು ಆಗದಿದ್ದರೂ ಪರವಾಗಿಲ್ಲ. ಏನನ್ನು ನೋಡಬೇಕು ಅಂತ ಹೇಳಲು ಬಂದರೆ ಸಾಕು.

ಇದು ಹೊಸ ಮಾತೇನೂ ಅಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅಂಗವಿಕಲ ವಿದ್ಯಾರ್ಥಿಗಳು ತಮ್ಮದೇ ಒಂದು ಸೇವಾ ಕೇಂದ್ರ ಶುರು ಮಾಡಿದರು. ಎಡ್ ರಾಬರ್ಟ್ಸ್ ಆ ಗುಂಪಿನವರು. ಪೋಲಿಯೊದಿಂದ ಕತ್ತಿನ ಕೆಳಗೆ ಹೆಚ್ಚುಕಮ್ಮಿ ಚಲನೆಯೇ ಇಲ್ಲದಿದ್ದವರು, ಪವರ್ ಕುರ್ಚಿ ಓಡಿಸುವುದನ್ನು ಕಲಿತು ಕ್ಯಾಂಪಸ್ಸಿನಲ್ಲಿ ಓಡಾಡಿದವರು. ಆ ಕೇಂದ್ರ ಕೊಟ್ಟ ಸೇವೆಗಳಲ್ಲಿ ಸಹಾಯಕರನ್ನು ಹುಡುಕಿಕೊಡುವುದು ಒಂದು. ವೀಲ್‌ಚೇರ್ ರಿಪೇರಿ ಇನ್ನೊಂದು. 1972ರಲ್ಲಿ ಬರ್ಕ್ಲಿ ಊರಿನಲ್ಲೇ ಸ್ವತಂತ್ರ ಬದುಕಿನ ಕೇಂದ್ರ ಶುರುವಾಯಿತು, ಅಲ್ಲೂ ರಿಪೇರಿ ಒಂದು ಸೇವೆಯಾಯಿತು. ಕೆಟ್ಟ ಕುರ್ಚಿ ಇಟ್ಟುಕೊಂಡು ಸ್ವತಂತ್ರವಾಗಿ ಬದುಕಲು ಆಗುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮುಟ್ಟುವ ಮೊದಲು

ಯಾವುದನ್ನು ಮುಟ್ಟುವ ಮೊದಲೂ ಕುರ್ಚಿ ಸಮತಟ್ಟಾದ ಜಾಗದಲ್ಲಿದೆಯಾ ನೋಡಿ. ಇಳಿಜಾರಿನಲ್ಲಿ ನಿಂತಿದ್ದರೆ ಮೋಟರಿನ ಲಿವರ್ (ಕುರ್ಚಿಯನ್ನು ಕೈಯಿಂದ ತಳ್ಳಲು ಬಿಡಿಸುವ ಹಿಡಿ) ಮುಟ್ಟಲೇಬೇಡಿ. ಅದನ್ನು ಬಿಡಿಸಿದರೆ ಬ್ರೇಕೂ ಬಿಟ್ಟುಕೊಳ್ಳುತ್ತದೆ, ಕುರ್ಚಿ ತನ್ನಷ್ಟಕ್ಕೆ ಉರುಳುತ್ತದೆ. ಜಾಯ್‌ಸ್ಟಿಕ್ (ಕುರ್ಚಿ ಓಡಿಸುವ ಹಿಡಿ) ಮುಟ್ಟದೆಯೇ ಕುರ್ಚಿ ಚಲಿಸಿದರೆ ಆ ಕ್ಷಣವೇ ಸ್ವಿಚ್ ಆಫ್ ಮಾಡಿ. ಮತ್ತೆ ಹಾಕಿ ನೋಡುವ ಪ್ರಯೋಗ ಬೇಡ. ಆ ಒಂದು ದೋಷವನ್ನು ಮನೆಯಲ್ಲಿ ಹುಡುಕುವ ಹಾಗಿಲ್ಲ. ಸುಟ್ಟ ವಾಸನೆ ಬಂದರೆ, ಬ್ಯಾಟರಿ ಉಬ್ಬಿದ್ದರೆ, ವೈರು ಕರಗಿದ್ದರೆ ಕೂಡ ಅಷ್ಟೇ: ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಕುರ್ಚಿಯಿಂದ ಇಳಿಯಿರಿ.

ಕೆಟ್ಟಿದೆಯಾ, ಇಲ್ಲ ಬೇಡ ಅನ್ನುತ್ತಿದೆಯಾ?

ಇದೇ ಮೊದಲ ಪ್ರಶ್ನೆ. ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ ಕೂಡ. ಈಗಿನ ಪವರ್ ಕುರ್ಚಿಗಳಲ್ಲಿ ಕಂಟ್ರೋಲರ್ ಅನ್ನುವ ಪೆಟ್ಟಿಗೆ ಇದೆ. ಅದು ಹತ್ತಾರು ವಿಷಯ ಪರೀಕ್ಷೆ ಮಾಡುತ್ತದೆ. ಯಾವುದೋ ಒಂದು ಸರಿಯಿಲ್ಲ ಅನ್ನಿಸಿದರೆ ಓಡಲು ಒಪ್ಪುವುದಿಲ್ಲ. ಹೊರಗಿನಿಂದ ನೋಡಿದರೆ ಕುರ್ಚಿ ಸತ್ತ ಹಾಗೆ ಕಾಣುತ್ತದೆ, ಅಲ್ವಾ? ನಿಜಕ್ಕೂ ಅದು ನಮ್ಮನ್ನು ಕಾಪಾಡುತ್ತಿರುತ್ತದೆ.

ಹಾಗಾಗಿ ಸ್ಪ್ಯಾನರ್ ಹುಡುಕುವ ಮೊದಲು ಇವನ್ನು ನೋಡಿ. ಸ್ವಿಚ್ ಹಾಕಿದಾಗ ದೀಪ ಬರುತ್ತದೆ, ಆದರೆ ಕುರ್ಚಿ ಕದಲುವುದಿಲ್ಲ ಅಂದರೆ ಕಾರಣ ಬಹುಮಟ್ಟಿಗೆ ಇಲ್ಲೇ ಸಿಗಬಹುದು.

ಚಾರ್ಜರ್ ಇನ್ನೂ ಸಿಕ್ಕಿಸಿದೆಯಾ? ಚಾರ್ಜರ್ ವೈರು ಜಾಯ್‌ಸ್ಟಿಕ್ ಕೆಳಗಿನ ತೂತಿನಲ್ಲಿ ಇದ್ದಷ್ಟು ಹೊತ್ತೂ ಕುರ್ಚಿ ಓಡುವುದಿಲ್ಲ. ವೈರು ಎಳೆದುಕೊಂಡು ಹೋಗದಿರಲಿ ಅಂತ ಹಾಗೆ ಮಾಡಿದ್ದಾರೆ. ಬೆಳಗಿನ ಗಡಿಬಿಡಿಯಲ್ಲಿ ಗೋಡೆಯ ಸ್ವಿಚ್ ಮಾತ್ರ ಆರಿಸಿ, ಕುರ್ಚಿ ಕಡೆಯ ಪ್ಲಗ್ ತೆಗೆಯಲು ಮರೆಯುವುದು ಬಹಳ ಸಹಜ.

ಮೋಟರ್ ಲಿವರ್ ಎಲ್ಲಿದೆ? ಎರಡು ಮೋಟರಿನ ಪಕ್ಕದಲ್ಲೂ ಒಂದೊಂದು ಲಿವರ್ ಇರುತ್ತದೆ. ಕೆಲವು ಕುರ್ಚಿಗಳಲ್ಲಿ ಎರಡಕ್ಕೂ ಸೇರಿ ಒಂದೇ. ಒಂದು ಕಡೆಗಿದ್ದರೆ ಮೋಟರ್ ಓಡಿಸುತ್ತದೆ, ಇನ್ನೊಂದು ಕಡೆಗಿದ್ದರೆ ಕೈಯಿಂದ ತಳ್ಳಬಹುದು. ನೆಲ ಒರೆಸಲು ಬಂದವರು ಕುರ್ಚಿ ಸರಿಸಲು ಲಿವರ್ ಬಿಡಿಸಿರುತ್ತಾರೆ. ಆಟೋದಿಂದಲೋ ವ್ಯಾನಿನಿಂದಲೋ ಇಳಿಸಿದವರು ಒಂದನ್ನು ಹಾಕಿ ಇನ್ನೊಂದನ್ನು ಮರೆತಿರುತ್ತಾರೆ. ಎರಡೂ ಕಡೆ ಬಗ್ಗಿ ನೋಡಲು ಹೇಳಿ. 'ಹಾಕಿದೀನಿ' ಅಂದರೆ ಸಾಲದು. ಕೊನೆಯ ತನಕ ತಿರುಗಿದೆಯಾ ಅಂತ ಕೇಳಿ.

ಸ್ವಿಚ್ ಹಾಕುವಾಗ ಜಾಯ್‌ಸ್ಟಿಕ್ ನಡುವಿನಲ್ಲಿತ್ತಾ? ಅದರ ಮೇಲೆ ಕೈ ಇಟ್ಟುಕೊಂಡೇ ಆನ್ ಮಾಡಿದರೆ ಕಂಟ್ರೋಲರ್ ಒಪ್ಪುವುದಿಲ್ಲ. ಶಾಲಿನ ಅಂಚು, ತುಂಬುತೋಳಿನ ಶರಟು, ತೊಡೆ ಮೇಲಿನ ಬ್ಯಾಗಿನ ಪಟ್ಟಿ ಒತ್ತಿದರೂ ಹಾಗೇ. ಆಫ್ ಮಾಡಿ. ಕೈ ತೆಗೆಯಿರಿ. ಸುತ್ತ ಏನೂ ತಾಗುತ್ತಿಲ್ಲ ಅಂತ ನೋಡಿ. ಮತ್ತೆ ಆನ್ ಮಾಡಿ.

ಲಾಕ್ ಆಗಿದೆಯಾ? ದೀಪಗಳು ಅಲೆಯ ಹಾಗೆ ಅತ್ತಿಂದಿತ್ತ ಓಡುತ್ತಿದ್ದರೆ ಇದು ಲಾಕ್ ಇರಬಹುದು. ಆನ್ ಗುಂಡಿಯನ್ನು ಜಾಸ್ತಿ ಹೊತ್ತು ಒತ್ತಿ ಹಿಡಿದು, ಆಮೇಲೆ ಜಾಯ್‌ಸ್ಟಿಕ್ ಅಲ್ಲಾಡಿಸಿದರೆ ಮಕ್ಕಳ ಕೈಯಲ್ಲೂ ಲಾಕ್ ಆಗಬಹುದು. ವಿಆರ್2 ಮತ್ತು ಆರ್-ನೆಟ್ ಅನ್ನುವ ಕಂಟ್ರೋಲರುಗಳಲ್ಲಿ ಬಿಡಿಸುವುದು ಹೀಗೆ: ಆನ್ ಮಾಡಿ, ಜಾಯ್‌ಸ್ಟಿಕ್ಕನ್ನು ಬೀಪ್ ಬರುವ ತನಕ ಪೂರ್ತಿ ಮುಂದೆ ತಳ್ಳಿ. ಆಮೇಲೆ ಬೀಪ್ ಬರುವ ತನಕ ಪೂರ್ತಿ ಹಿಂದೆ ಎಳೆಯಿರಿ. ಬಿಟ್ಟುಬಿಡಿ. ಒಂದು ಉದ್ದ ಬೀಪ್ ಬಂದರೆ ಲಾಕ್ ಹೋಯಿತು.

ಸೀಟು ಹಿಂದಕ್ಕೆ ವಾಲಿದೆಯಾ, ಮೇಲೆ ಎದ್ದಿದೆಯಾ? ಒಂದು ಮಿತಿಗಿಂತ ಜಾಸ್ತಿ ವಾಲಿಸಿದ್ದರೆ ಕುರ್ಚಿ ಓಡುವುದೇ ಇಲ್ಲ. ಸೀಟು ಮೇಲಿದ್ದರೆ ಆಮೆಯ ಹಾಗೆ ತೆವಳುತ್ತದೆ. 'ಮೋಟರ್ ವೀಕ್ ಆಗಿದೆ' ಅಂತ ಅಂದುಕೊಳ್ಳುವ ಮೊದಲು ಸೀಟನ್ನು ಪೂರ್ತಿ ಕೆಳಗಿಳಿಸಿ, ನೇರ ಮಾಡಿ, ಮತ್ತೆ ಓಡಿಸಿ ನೋಡಿ.

ಸ್ವಿಚ್ ಹಾಕಿದರೆ ದೀಪವೇ ಬರುವುದಿಲ್ಲ ಅಂದರೆ ದಾರಿ ಬೇರೆ. ಬ್ಯಾಟರಿ ಹತ್ತಿರ ಒಂದು ಬ್ರೇಕರ್ ಗುಂಡಿ ಇರುತ್ತದೆ, ಕರೆಂಟ್ ಜಾಸ್ತಿಯಾದರೆ ಅದು ಕಡಿದು ಹಾಕುತ್ತದೆ. ಹೊರಗೆ ಹಾರಿದ್ದರೆ ಒಳಗೆ ಒತ್ತಿ. ಒಮ್ಮೆ ಒತ್ತಿದ ಮೇಲೂ ಹಾರಿದರೆ ಒಳಗೆ ಎಲ್ಲೋ ಶಾರ್ಟ್ ಆಗಿರಬಹುದು. ಪದೇ ಪದೇ ಒತ್ತಬೇಡಿ. ಬ್ರೇಕರ್ ಸರಿಯಿದ್ದರೆ ಜಾಯ್‌ಸ್ಟಿಕ್ಕಿನಿಂದ ಹಿಂದಕ್ಕೆ ಹೋಗುವ ಕೇಬಲ್ ನೋಡಿ. ಬಾಗಿಲ ಚೌಕಟ್ಟಿಗೆ, ಮೇಜಿನ ಅಂಚಿಗೆ ತಾಗಿ ತಾಗಿ ಆ ಪ್ಲಗ್ ಅರ್ಧ ಹೊರಗೆ ಬಂದಿರುತ್ತದೆ. ಕುರ್ಚಿ ಆಫ್ ಮಾಡಿಕೊಂಡು ಗಟ್ಟಿಯಾಗಿ ಕೂರಿಸಿ.

ಬ್ಯಾಟರಿ: ಹಸಿರು ದೀಪವನ್ನು ಪೂರ್ತಿ ನಂಬಬೇಡಿ

ಹೆಚ್ಚಿನ ದೊಡ್ಡ ಕುರ್ಚಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಎರಡೂ ಒಟ್ಟಿಗೆ ದುಡಿಯಬೇಕು. ಒಂದು ಸುಸ್ತಾದರೆ ಇನ್ನೊಂದು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಬ್ಯಾಟರಿ ಹಳತಾಗುತ್ತಿರುವುದು ಮೊದಲು ತಿಳಿಯುವುದು ಏರಿನಲ್ಲಿ. ಸಮ ನೆಲದಲ್ಲಿ ಹಸಿರು ತೋರಿಸುವ ದೀಪ, ರ‍್ಯಾಂಪ್ ಹತ್ತುವಾಗ ಹಳದಿಗೋ ಕೆಂಪಿಗೋ ಇಳಿಯುತ್ತದೆ. ಹತ್ತಿ ಮುಗಿದ ಮೇಲೆ ಮತ್ತೆ ಹಸಿರಿಗೆ ಬರುತ್ತದೆ. 'ಸರಿ ಹೋಯ್ತು' ಅಂತ ಸುಮ್ನಾಗಬೇಡಿ. ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತಿದೆ ಅಂತ ಅದರ ಅರ್ಥ. ಹೊಸ ಬ್ಯಾಟರಿಗೆ ದುಡ್ಡು ಹೊಂದಿಸಿಕೊಳ್ಳಲು ಈಗಲೇ ಶುರು ಮಾಡಿ. ಇದೇ ಸೂಚನೆ ಸಿಕ್ಕಿದ ಮೇಲೆ ದೂರದ ಪ್ರಯಾಣಕ್ಕೆ ಒಬ್ಬರೇ ಹೊರಡಬೇಡಿ.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಖಚಿತವಾಗಿ ತಿಳಿಯಬಹುದು. ಮನೆ ಹತ್ತಿರದ ಯಾವ ಎಲೆಕ್ಟ್ರಿಷಿಯನ್ ಬಳಿಯಾದರೂ ಇರುತ್ತದೆ. ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಕೆಲವು ಗಂಟೆ ಹಾಗೇ ಬಿಡಿ. ಆಮೇಲೆ ಒಂದೊಂದು ಬ್ಯಾಟರಿಯನ್ನೂ ಬೇರೆಯಾಗಿ ಅಳೆಯಿರಿ. ಸೀಸದ ಸೀಲ್ಡ್ ಬ್ಯಾಟರಿ ಚೆನ್ನಾಗಿದ್ದರೆ ಸುಮಾರು 12.8 ವೋಲ್ಟ್ ತೋರಿಸುತ್ತದೆ. 12ರ ಹತ್ತಿರ ಇದ್ದರೆ ಅದರಲ್ಲಿ ಉಳಿದಿರುವುದು ಅಲ್ಪಸ್ವಲ್ಪ. ಒಂದು 12.8, ಇನ್ನೊಂದು 12.1 ಅಂತ ಬಂದರೆ ಆ ಎರಡನೆಯದು ಹೋಗಿದೆ. ಆದರೂ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹಳತು ಹೊಸತು ಜೊತೆ ಮಾಡಿದರೆ ಹೊಸತೂ ಬೇಗ ಹಾಳಾಗುತ್ತದೆ. ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ಒಟ್ಟಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಉಂಗುರ, ಬಳೆ, ವಾಚ್ ತೆಗೆದೇ ಕೈ ಹಾಕಲು ಹೇಳಿ.

ಚಾರ್ಜರ್ ಕೂಡ ಸುಳಿವು ಕೊಡುತ್ತದೆ. ಚಾರ್ಜರಿನ ದೀಪವೇ ಹತ್ತದಿದ್ದರೆ ಅದೇ ಪ್ಲಗ್‌ಪಾಯಿಂಟಿಗೆ ಮೊಬೈಲ್ ಹಾಕಿ ನೋಡಿ. ಕರೆಂಟೇ ಇಲ್ಲದಿರಬಹುದು. ಇಡೀ ದಿನ ಓಡಿಸಿ ಬಂದು ಹಾಕಿದ ಕುರ್ಚಿ ಕೆಲವೇ ನಿಮಿಷಕ್ಕೆ 'ಫುಲ್' ಅಂದರೆ ಅನುಮಾನಪಡಿ. ಒಂದೋ ಬ್ಯಾಟರಿಯ ಜೋಡಣೆ ಎಲ್ಲೋ ಬಿಟ್ಟಿದೆ, ಇಲ್ಲವೇ ಬ್ಯಾಟರಿ ಚಾರ್ಜ್ ಹಿಡಿಯುವ ಶಕ್ತಿ ಕಳೆದುಕೊಂಡಿದೆ. ಬೆಳಗಾದರೂ ಹಸಿರಿಗೆ ಬರುವುದೇ ಇಲ್ಲ ಅಂದರೆ ರಾತ್ರಿ ಕರೆಂಟ್ ಹೋಗಿತ್ತಾ ಅಂತ ಮೊದಲು ವಿಚಾರಿಸಿ. ಪೂರ್ತಿ ಚಾರ್ಜಿಗೆ ಎಂಟರಿಂದ ಹನ್ನೆರಡು ಗಂಟೆ ಬೇಕು. ನಡುವೆ ಮೂರು ನಾಲ್ಕು ಗಂಟೆ ಹೋದರೆ ಅರ್ಧಂಬರ್ಧವೇ ಸರಿ. ಯುಪಿಎಸ್ಸಿನಿಂದ ಚಾರ್ಜ್ ಮಾಡುವ ಯೋಚನೆ ಇದ್ದರೆ ಒಂದು ಲೆಕ್ಕ: 8 ಆಂಪಿಯರಿನ ಚಾರ್ಜರ್ 200 ವ್ಯಾಟಿಗಿಂತ ಜಾಸ್ತಿ ಎಳೆಯುತ್ತದೆ. ಫ್ಯಾನು, ಲೈಟುಗಳ ಜೊತೆ ಇದನ್ನೂ ಹಾಕಿದರೆ ಮನೆಯ ಯುಪಿಎಸ್ ಬೇಗ ಖಾಲಿಯಾಗುತ್ತದೆ. ಸ್ಕ್ವೇರ್ ವೇವ್ ಯುಪಿಎಸ್ ಆಗಿದ್ದರೆ ಚಾರ್ಜರ್ ಬಿಸಿಯಾಗಿ ಹಾಳಾಗಲೂಬಹುದು.

ಕಲಬುರಗಿ, ರಾಯಚೂರು ಕಡೆಯವರಿಗೆ ಒಂದು ಮಾತು. ಸೀಸದ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. ಉಷ್ಣತೆ ಸತತವಾಗಿ 10 ಡಿಗ್ರಿ ಏರಿದರೆ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಆ ಕೆಲಸದವರ ಲೆಕ್ಕ. ಕುರ್ಚಿಯನ್ನು ತಗಡಿನ ಶೆಡ್ಡಿನಲ್ಲಿ ಬಿಡಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಕುರ್ಚಿಯನ್ನು ತಂದ ಕೂಡಲೇ ಚಾರ್ಜಿಗೆ ಹಾಕದೆ ಸ್ವಲ್ಪ ತಣಿಯಲು ಬಿಡಿ. ಬಳಸದೆ ಇಟ್ಟರೂ ಚಾರ್ಜ್ ಮಾಡಿಯೇ ಇಡಿ. ಖಾಲಿ ಬ್ಯಾಟರಿ ಹಾಗೇ ಬಿದ್ದಿದ್ದರೆ ಒಳಗೇ ಹಾಳಾಗುತ್ತದೆ.

ಮಡಚುವ ಹಗುರ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ನಿಧಾನವಾಗಿ ಸುಸ್ತಾಗುವುದಿಲ್ಲ, ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಒಳಗಿನ ರಕ್ಷಣೆಯ ಸರ್ಕ್ಯೂಟ್ ಕಡಿದು ಹಾಕಿರುತ್ತದೆ. ಅದರದೇ ಚಾರ್ಜರಿಗೆ ಹಾಕಿದರೆ ಬಹಳ ಸಲ ಮತ್ತೆ ಎಚ್ಚರವಾಗುತ್ತದೆ. ಸೀಸದ ಬ್ಯಾಟರಿಯ ಚಾರ್ಜರನ್ನು ಇದಕ್ಕೆ ಎಂದೂ ಹಾಕಬೇಡಿ.

ಮಿನುಗುವ ದೀಪ ಏನು ಹೇಳುತ್ತಿದೆ

ದೀಪ ಮಿನುಗಿದರೆ ಮೊದಲು ಎಣಿಸಿ. ಆಮೇಲೆ ಆಫ್ ಮಾಡಿ. ಬಹಳ ಜನ ಗಾಬರಿಯಲ್ಲಿ ಮೊದಲೇ ಆಫ್ ಮಾಡಿಬಿಡುತ್ತಾರೆ, ಸಿಕ್ಕಿದ್ದ ಸುಳಿವು ಕೈತಪ್ಪುತ್ತದೆ. ಫೋನಿನಲ್ಲಿ ಒಂದು ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಸಂಕೇತಗಳು ಕಂಟ್ರೋಲರಿನಿಂದ ಕಂಟ್ರೋಲರಿಗೆ ಬೇರೆ. ಉದಾಹರಣೆಗೆ ಬಹಳ ಕಡೆ ಸಿಗುವ ವಿಆರ್2ರಲ್ಲಿ ಬ್ಯಾಟರಿ ತೋರಿಸುವ ಹತ್ತು ದೀಪಗಳಲ್ಲಿ ಎಷ್ಟು ಮಿನುಗುತ್ತವೆ ಅನ್ನುವುದೇ ಸಂಕೇತ. ಒಂದಾದರೆ ಬ್ಯಾಟರಿ ಖಾಲಿ, ಇಲ್ಲವೇ ಅದರ ಜೋಡಣೆ ಸಡಿಲ. ಎರಡಾದರೆ ಎಡ ಮೋಟರಿನ ಜೋಡಣೆ. ನಾಲ್ಕಾದರೆ ಬಲ ಮೋಟರಿನದು. ಮೂರು ಮತ್ತು ಐದು ಅದೇ ಎಡ, ಬಲ ಮೋಟರುಗಳ ಶಾರ್ಟ್, ಅದಕ್ಕೆ ಮೆಕ್ಯಾನಿಕ್ಕೇ ಬೇಕು. ಆರಾದರೆ ಬಹುಶಃ ಚಾರ್ಜರ್ ಸಿಕ್ಕಿಸಿದೆ. ಏಳಾದರೆ ಜಾಯ್‌ಸ್ಟಿಕ್ ನಡುವಿನಲ್ಲಿಲ್ಲ ಅಥವಾ ಅದರಲ್ಲೇ ತೊಂದರೆ. ಎಂಟು ಕಂಟ್ರೋಲರಿನ ಒಳಗಿನ ದೋಷ. ಒಂಬತ್ತು ಬ್ರೇಕಿನ ಜೋಡಣೆ.

ಹತ್ತು ಮಿನುಗಿದರೆ ವೋಲ್ಟೇಜ್ ಜಾಸ್ತಿಯಾಗಿದೆ ಅಂತ. ಇದು ವಿಚಿತ್ರವಾಗಿ ಕಾಣುತ್ತದೆ, ಆದರೆ ಕಾರಣ ಸರಳ. ಇಳಿಜಾರಿನಲ್ಲಿ ಮೋಟರ್ ಬ್ಯಾಟರಿಗೆ ಕರೆಂಟನ್ನು ವಾಪಸ್ ಕಳಿಸುತ್ತದೆ. ಬ್ಯಾಟರಿ ಆಗಲೇ ಪೂರ್ತಿ ತುಂಬಿದ್ದರೆ, ಅಥವಾ ಅದರ ತುದಿಗಳ ಜೋಡಣೆ ಸಡಿಲವಾಗಿದ್ದರೆ, ಆ ಕರೆಂಟಿಗೆ ಹೋಗಲು ಜಾಗ ಇರುವುದಿಲ್ಲ. ಬೆಳಿಗ್ಗೆ ಚಾರ್ಜರಿನಿಂದ ತೆಗೆದ ಕೂಡಲೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಇಳಿಯುವವರು ನಿಧಾನಕ್ಕೆ ಇಳಿಯಿರಿ. ಮತ್ತೆ ಮತ್ತೆ ಬಂದರೆ ಬ್ಯಾಟರಿ ತುದಿಗಳನ್ನು ಬಿಗಿ ಮಾಡಿಸಿ.

ದೀಪದ ಜೊತೆಗೆ ಕಿವಿಯನ್ನೂ ಬಳಸಿ. ಜಾಯ್‌ಸ್ಟಿಕ್ ಸ್ವಲ್ಪ ತಳ್ಳಿದ ಕೂಡಲೇ ಮೋಟರುಗಳ ಕಡೆಯಿಂದ ಕ್ಲಿಕ್ ಅಂತ ಕೇಳಬೇಕು. ಅದು ಬ್ರೇಕ್ ಬಿಡುವ ಶಬ್ದ. ಈ ಬ್ರೇಕ್ ಕರೆಂಟ್ ಇಲ್ಲದಾಗ ಹಿಡಿದುಕೊಂಡಿರುತ್ತದೆ, ಕರೆಂಟ್ ಬಂದಾಗ ಬಿಡುತ್ತದೆ. ಕ್ಲಿಕ್ಕೇ ಇಲ್ಲ ಅಂದರೆ ಕರೆಂಟ್ ಬ್ರೇಕಿನ ತನಕ ಹೋಗುತ್ತಿಲ್ಲ. ಕ್ಲಿಕ್ ಇದೆ, ಚಕ್ರ ತಿರುಗುತ್ತಿಲ್ಲ ಅಂದರೆ ಮೋಟರ್ ಅಥವಾ ಅದರ ಪ್ಲಗ್ ನೋಡಬೇಕು. ಒಂದೇ ಕಡೆಯಿಂದ ಕ್ಲಿಕ್ ಬಂದರೆ ಯಾವ ಕಡೆ ಅಂತ ಬರೆದುಕೊಳ್ಳಿ. ಮೆಕ್ಯಾನಿಕ್ಕಿಗೆ ಇದೊಂದು ಮಾತು ಬಹಳ ಸಮಯ ಉಳಿಸುತ್ತದೆ.

ಒಂದು ಕಡೆಗೆ ಎಳೆಯುತ್ತಿದೆ

ಮೊದಲು ತಪ್ಪು ನೆಲದ್ದಾ, ಕುರ್ಚಿಯದ್ದಾ ಅಂತ ತಿಳಿಯಬೇಕು. ಕಲ್ಯಾಣ ಮಂಟಪದ ಹಾಲ್ ಅಥವಾ ಉದ್ದದ ವರಾಂಡದಲ್ಲಿ ನೇರ ಹೋಗಿ, ತಿರುಗಿ ಅದೇ ದಾರಿಯಲ್ಲಿ ಬನ್ನಿ. ಹೋಗುವಾಗ ಕಿಟಕಿ ಕಡೆ, ಬರುವಾಗಲೂ ಕಿಟಕಿ ಕಡೆಗೇ ಎಳೆದರೆ ನೆಲ ವಾಲಿದೆ. ಎರಡು ಸಲವೂ ನಿಮ್ಮ ಎಡಕ್ಕೇ ಎಳೆದರೆ ಕುರ್ಚಿಯಲ್ಲೇ ದೋಷ. ನಮ್ಮ ರಸ್ತೆಗಳು ಅಂಚಿಗೆ ವಾಲಿರುವುದರಿಂದ ಈ ಪರೀಕ್ಷೆ ರಸ್ತೆಯಲ್ಲಿ ಮಾಡಿ ಪ್ರಯೋಜನವಿಲ್ಲ.

ಕುರ್ಚಿಯದ್ದೇ ಅಂತಾದರೆ ಮೊದಲು ಗಾಳಿ ನೋಡಿ. ಎಡ ಬಲ ಚಕ್ರಗಳಲ್ಲಿ ಗಾಳಿ ಹೆಚ್ಚು ಕಮ್ಮಿ ಇದ್ದರೆ ಕಮ್ಮಿ ಇರುವ ಕಡೆಗೆ ಕುರ್ಚಿ ಎಳೆಯುತ್ತದೆ. ಎಷ್ಟಿರಬೇಕು ಅಂತ ಟೈರಿನ ಮೇಲೇ ಬರೆದಿರುತ್ತದೆ.

ಪಂಕ್ಚರ್ ಅಂಗಡಿಗೆ ಕೊಡುವಾಗ ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಈ ಚಕ್ರಗಳ ರಿಮ್ ಎರಡು ಹೋಳುಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದು. ಬೈಕಿನ ಚಕ್ರದ ಹಾಗಲ್ಲ. ಒಳಗೆ ಗಾಳಿ ಇರುವಾಗ ಆ ಬೋಲ್ಟ್ ಬಿಚ್ಚಿದರೆ ಹೋಳುಗಳು ಸಿಡಿದು ಮುಖಕ್ಕೇ ಬಡಿಯಬಹುದು. 'ಅಣ್ಣಾ, ಮೊದಲು ಗಾಳಿ ಪೂರ್ತಿ ಬಿಡಿ, ಆಮೇಲೆ ಬೋಲ್ಟ್ ಬಿಚ್ಚಿ' ಅಂತ ಎದುರಿಗೇ ಇದ್ದು ಹೇಳಿ.

ಗಾಳಿ ಸರಿಯಿದ್ದರೆ ಪುಟ್ಟ ಕ್ಯಾಸ್ಟರ್ ಚಕ್ರಗಳನ್ನು ನೋಡಿ. ಕೂದಲು, ಸೀರೆಯ ಎಳೆ, ಹೂ ಕಟ್ಟಿದ ದಾರ ಅಚ್ಚಿಗೆ ಸುತ್ತಿಕೊಂಡು ಚಕ್ರ ಬಿಗಿಯಾಗುತ್ತದೆ. ಮನೆಯಲ್ಲಿ ಹೂ ಕಟ್ಟುವವರಿದ್ದರೆ ಇದು ಆಗಿಯೇ ಆಗುತ್ತದೆ. ಸಣ್ಣ ಕತ್ತರಿ, ಹಳೆಯ ಚಿಮಟ ಸಾಕು. ಕ್ಯಾಸ್ಟರ್ ನಡುಗುತ್ತಿದ್ದರೆ ಬೇರಿಂಗ್ ಸವೆದಿದೆ ಅಥವಾ ಮೇಲಿನ ನಟ್ ಸಡಿಲವಾಗಿದೆ.

ಇದೆಲ್ಲ ಸರಿಯಿದ್ದೂ ಎಳೆದರೆ ಮೋಟರಿನ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಶ್ ಸವೆದಿರಬಹುದು, ಅಥವಾ ಒಂದು ಕಡೆಯ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿರಬಹುದು. ಸ್ವಲ್ಪ ಓಡಿಸಿ, ಇಳಿದ ಮೇಲೆ ಎರಡೂ ಮೋಟರ್ ಮುಟ್ಟಿ ನೋಡಲು ಹೇಳಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅನುಮಾನ ಆ ಕಡೆಗೆ.

ಉದ್ದದ ಏರು ಹತ್ತಿದ ಮೇಲೆ ಎರಡೂ ಬಿಸಿಯಾಗಿ ಕುರ್ಚಿ ನಿಧಾನವಾದರೆ ಅದು ದೋಷವಲ್ಲ. ಸುಟ್ಟುಹೋಗದಿರಲಿ ಅಂತ ಕಂಟ್ರೋಲರ್ ತಾನೇ ಶಕ್ತಿ ಕಡಿಮೆ ಮಾಡುತ್ತದೆ. ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸರಿಹೋಗುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಅನ್ನುವುದು ರ‍್ಯಾಂಪಿನ ಅಳತೆ. ನಮ್ಮಲ್ಲಿ ಎಷ್ಟೋ ರ‍್ಯಾಂಪುಗಳನ್ನು ಬೈಕ್ ಹತ್ತಿಸಲು ಕಟ್ಟಿದ್ದಾರೆ. ಅಂಥದರ ಮೇಲೆ ಕುರ್ಚಿ ನಿಂತರೆ ತಪ್ಪು ರ‍್ಯಾಂಪಿನದು.

ಮಧ್ಯದಲ್ಲಿ ದೊಡ್ಡ ಚಕ್ರ ಇರುವ ಕುರ್ಚಿಗಳದು ಇನ್ನೊಂದು ಕಥೆ. ಇಕ್ಕಟ್ಟಿನ ಅಡುಗೆಮನೆಯಲ್ಲಿ ಇದ್ದಲ್ಲೇ ತಿರುಗುತ್ತವೆ, ನನಗೆ ಬಹಳ ಇಷ್ಟ. ಆದರೆ ರ‍್ಯಾಂಪಿನ ಬುಡದ ತಗ್ಗಿನಲ್ಲಿ ಹಿಂದಿನ ಮುಂದಿನ ಪುಟ್ಟ ಚಕ್ರಗಳು ಎರಡು ದಡಕ್ಕೆ ಕೂತು, ನಡುವಿನ ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುತ್ತದೆ. ಮೋಟರ್ ಓಡುವ ಶಬ್ದ ಇದೆ, ಚಕ್ರವೂ ತಿರುಗುತ್ತಿದೆ, ಕುರ್ಚಿ ಮಾತ್ರ ಇದ್ದಲ್ಲೇ. ಆಗ ಹಿಂದಿನಿಂದ ಯಾರಾದರೂ ಮೆಲ್ಲಗೆ ಒತ್ತಿಕೊಟ್ಟರೆ ಸಾಕು.

ಸೀಟು ಕೈಕೊಟ್ಟರೆ

ಟಿಲ್ಟ್, ಅಂದರೆ ಸೀಟನ್ನು ಹಿಂದಕ್ಕೆ ವಾಲಿಸುವ ವ್ಯವಸ್ಥೆ, ಆರಾಮಕ್ಕೆ ಮಾತ್ರ ಇರುವುದಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೂತ ಜಾಗದ ಒತ್ತಡ ಗೊತ್ತಾಗುವುದಿಲ್ಲ. ಆಗಾಗ ಹಿಂದಕ್ಕೆ ವಾಲಿ ಭಾರ ಬದಲಿಸದಿದ್ದರೆ ಒತ್ತಡದ ಹುಣ್ಣು ಆಗುತ್ತದೆ. ಆ ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ ಮಲಗಬೇಕಾಗಬಹುದು. ಹಾಗಾಗಿ ಟಿಲ್ಟ್ ಕೆಟ್ಟರೆ 'ಓಡುತ್ತಿದೆಯಲ್ಲ, ಆಮೇಲೆ ನೋಡೋಣ' ಅನ್ನಬೇಡಿ. ರಿಪೇರಿ ಆಗುವ ತನಕ ಹೊತ್ತುಹೊತ್ತಿಗೆ ಹಾಸಿಗೆಗೆ ಇಳಿದು ಭಾರ ಬದಲಿಸಿ, ಚರ್ಮ ಕೆಂಪಾಗಿದೆಯಾ ಅಂತ ದಿನಾ ನೋಡಿಸಿಕೊಳ್ಳಿ.

ಹುಡುಕುವಾಗ ಮೊದಲು ಬೆನ್ನ ಹಿಂದೆ ನೋಡಿ. ತೂಗುಹಾಕಿದ ಬ್ಯಾಗ್ ಸಿಕ್ಕಿಹಾಕಿಕೊಂಡು ಸೀಟನ್ನು ತಡೆಯುತ್ತಿರಬಹುದು. ಆಮೇಲೆ ಕೇಬಲ್. ಸೀಟು ವಾಲಿದಾಗಲೆಲ್ಲ ವೈರು ಕಬ್ಬಿಣದ ನಡುವೆ ಸಿಕ್ಕಿ ಜಜ್ಜಿರುತ್ತದೆ. ಮೇಲೆ ಕೆಳಗೆ ಪದೇ ಪದೇ ಮಾಡಿದ್ದರೆ ಮೋಟರ್ ಬಿಸಿಯಾಗಿ ತಾನೇ ನಿಂತಿರಬಹುದು. ಸತತವಾಗಿ ಓಡಲು ಅದನ್ನು ಮಾಡಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ನೋಡಿ.

ಕುರ್ಚಿ ಸರಿಯಿದೆ, ಆದರೂ ಓಡಿಸಲು ಆಗುತ್ತಿಲ್ಲ

ಈ ದೋಷವನ್ನು ಯಾರೂ ಗುರುತಿಸುವುದಿಲ್ಲ, ಅದಕ್ಕೆ ನನಗೆ ಬೇಸರ. ಬಾಗಿಲ ಚೌಕಟ್ಟಿಗೆ ದಿನಾ ತಾಗುತ್ತದೆ. ಸಂಜೆಯಾದರೆ ಕೈ ಸೋಲುತ್ತದೆ. ರಸ್ತೆಗೆ ಇಳಿಯಲು ಭಯ. ಮನೆಯವರು 'ನಿಂಗೆ ಆಗಲ್ಲ ಬಿಡು, ನಾವೇ ಕರ್ಕೊಂಡು ಹೋಗ್ತೀವಿ' ಅನ್ನುತ್ತಾರೆ. ಕುರ್ಚಿ ಮೂಲೆ ಸೇರುತ್ತದೆ. ಓಡಿಸುವವರ ಮೇಲೆ ತಪ್ಪು ಹೊರಿಸುವ ಮೊದಲು ಹೊಂದಿಕೆ ನೋಡಬೇಕು.

ಬೆಳಿಗ್ಗೆ ಚೆನ್ನಾಗಿ ಓಡಿಸಿ, ಮಧ್ಯಾಹ್ನದ ಮೇಲೆ ತಪ್ಪುತ್ತಿದ್ದೀರಾ? ಆಗ ಕನ್ನಡಿಯಲ್ಲಿ ನೋಡಿ. ಸೊಂಟ ಮುಂದಕ್ಕೆ ಜಾರಿ, ಮೈ ಒಂದು ಕಡೆ ವಾಲಿ, ಕೈ ಜಾಯ್‌ಸ್ಟಿಕ್ಕಿನಿಂದ ದೂರ ಹೋಗಿರುತ್ತದೆ. ಟಿಲ್ಟ್ ಮಾಡಿ ಹಿಂದಕ್ಕೆ ಸರಿದು ಕೂತು ಮತ್ತೆ ಓಡಿಸಿ. ಸರಿಹೋದರೆ ಬೇಕಾಗಿರುವುದು ಒಳ್ಳೆಯ ಕುಶನ್, ಪಕ್ಕದ ಆಸರೆ, ಸೊಂಟದ ಬೆಲ್ಟ್.

ಇಡೀ ದಿನ ಕಷ್ಟವೇ ಅಂದರೆ ಜಾಯ್‌ಸ್ಟಿಕ್ ಇರುವ ಜಾಗ ತಪ್ಪಿರಬಹುದು. ಅದನ್ನು ಮುಂದೆ ಹಿಂದೆ ಸರಿಸಬಹುದು, ಒಳಗೆ ತಿರುಗಿಸಬಹುದು, ಎಡಕ್ಕೆ ಬದಲಿಸಬಹುದು. ಬೆರಳಿನಲ್ಲಿ ಹಿಡಿಯಲು ಆಗದಿದ್ದರೆ ಗುಂಡಿಯ ಬದಲು ಚೆಂಡಿನ ಆಕಾರದ್ದು, ಇಂಗ್ಲಿಷಿನ ಯು ಆಕಾರದ್ದು ಹಾಕಬಹುದು. ಕೈಯೇ ಬೇಡ ಅಂದರೆ ಗದ್ದದಿಂದ, ತಲೆಯಿಂದ, ಉಸಿರಿನಿಂದ ಓಡಿಸುವ ವ್ಯವಸ್ಥೆಗಳೂ ಇವೆ.

ಇನ್ನು ಸೆಟ್ಟಿಂಗ್. ಕೈ ನಡುಗಿದರೆ ಕುರ್ಚಿಯೂ ನಡುಗಬೇಕಾಗಿಲ್ಲ. ಆ ನಡುಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಹೊಂದಿಸಬಹುದು. ತಿರುಗುವ ವೇಗ ಇಳಿಸಿದರೆ ಬಾಗಿಲಿಗೆ ತಾಗುವುದು ಕಡಿಮೆಯಾಗುತ್ತದೆ. ಹೊರಡುವಾಗ ಜಗ್ಗಿದರೆ ಅದನ್ನೂ ಮೆತ್ತಗೆ ಮಾಡಬಹುದು. ಮನೆಯೊಳಗೆ ಒಂದು, ಹೊರಗೆ ಒಂದು ಅಂತ ಬೇರೆ ಬೇರೆ ಪ್ರೊಫೈಲ್ ಇಡಬಹುದು. ಆದರೆ ಇದಕ್ಕೆ ಬೇಕಾದ ಸಾಧನ ಡೀಲರ್ ಹತ್ತಿರ ಮಾತ್ರ ಇರುತ್ತದೆ. ಅಮೆರಿಕದ ಕೊಲರಾಡೊ ರಾಜ್ಯ 2022ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. 2023ರ ಜನವರಿಯಿಂದ ಅಲ್ಲಿ ಪವರ್ ವೀಲ್‌ಚೇರ್ ತಯಾರಕರು ಬಿಡಿಭಾಗ, ಸಾಧನ, ಕೈಪಿಡಿಗಳನ್ನು ಬಳಸುವವರಿಗೂ ಹೊರಗಿನ ರಿಪೇರಿಯವರಿಗೂ ಕೊಡಬೇಕು. ನಮ್ಮಲ್ಲೂ ಅಂಥದ್ದು ಬರಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಅಲ್ಲಿಯ ತನಕ ಕುರ್ಚಿ ಕೊಳ್ಳುವಾಗಲೇ 'ಸೆಟ್ಟಿಂಗ್ ಬದಲಿಸಲು ಯಾರು ಬರುತ್ತಾರೆ, ಎಷ್ಟು ಸಲ, ಎಷ್ಟು ದುಡ್ಡಿಗೆ' ಅಂತ ಬರೆಸಿಕೊಳ್ಳಿ.

ಮಳೆ

ಜಾಯ್‌ಸ್ಟಿಕ್ ಬುಡದಲ್ಲಿ ರಬ್ಬರಿನ ತೊಡುಗೆ ಇದೆ. ಅದು ಹರಿದರೆ ನೀರು ನೇರ ಒಳಗೆ ಹೋಗುತ್ತದೆ. ಮಳೆಗಾಲಕ್ಕೆ ಮೊದಲೇ ಬದಲಿಸಿ, ಮಲೆನಾಡು ಕರಾವಳಿಯವರಂತೂ ತಪ್ಪದೆ. ಹೊರಗೆ ಹೋಗುವಾಗ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿರಿ. ನೆನೆದರೆ ಆಫ್ ಮಾಡಿ, ಒರೆಸಿ, ಫ್ಯಾನಿನ ಕೆಳಗೆ ಚೆನ್ನಾಗಿ ಒಣಗಲು ಬಿಡಿ. ಒದ್ದೆ ಇರುವಾಗ ಚಾರ್ಜಿಗೆ ಹಾಕಲೇಬೇಡಿ. ಒಣಗಿದ ಮೇಲೂ ಕುರ್ಚಿ ಅಡ್ಡಾದಿಡ್ಡಿ ಹೋದರೆ ಜಾಯ್‌ಸ್ಟಿಕ್ ಬದಲಿಸಬೇಕಾಗುತ್ತದೆ.

ರಸ್ತೆ ನಡುವೆ ನಿಂತರೆ

ನಮ್ಮ ಜನ ಒಳ್ಳೆಯವರು. ಕುರ್ಚಿ ನಿಂತ ಕೂಡಲೇ ನಾಲ್ಕು ಜನ ಓಡಿ ಬಂದು ಎತ್ತಲು ಕೈ ಹಾಕುತ್ತಾರೆ. ಅಲ್ಲೇ ಅಪಾಯ ಇರುವುದು. ಟಿಲ್ಟ್ ಇರುವ ಕುರ್ಚಿ ನೂರು ಕಿಲೋಗಿಂತ ಜಾಸ್ತಿ ತೂಗುತ್ತದೆ, ಜೊತೆಗೆ ನೀವು. ಅವರು ಹಿಡಿಯುವುದು ಕೈ ಇಡುವ ಹಿಡಿ ಮತ್ತು ಕಾಲು ಇಡುವ ಹಲಗೆ. ಅವೆರಡೂ ಕಳಚಿ ಬರುವ ಭಾಗಗಳು. ಹಾಗಾಗಿ ದನಿ ಎತ್ತಿ ಹೇಳಿ: 'ಅಣ್ಣಾ, ಎತ್ತಬೇಡಿ. ಇಬ್ಬರು ಹಿಂದೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಬ್ಬರು ಚಕ್ರದ ಪಕ್ಕದ ಲಿವರ್ ತಿರುಗಿಸಿ. ಆಮೇಲೆ ಮೆಲ್ಲಗೆ ತಳ್ಳಿ.' ಹಿಡಿದುಕೊಂಡ ಮೇಲೇ ಲಿವರ್, ಈ ಕ್ರಮ ತಪ್ಪಬಾರದು. ಮಾತು ಕಷ್ಟ ಆಗುವವರು ಇದನ್ನೇ ಒಂದು ಕಾರ್ಡಿನಲ್ಲಿ ಬರೆದು ಬೆನ್ನ ಹಿಂದೆ ಅಂಟಿಸಿಕೊಳ್ಳಿ. ಲಿವರಿಗೆ ಎದ್ದು ಕಾಣುವ ಬಣ್ಣದ ಟೇಪ್ ಸುತ್ತಿಸಿ.

ಮೆಕ್ಯಾನಿಕ್ಕಿಗೆ ಫೋನ್ ಮಾಡುವಾಗ

'ಓಡ್ತಿಲ್ಲ, ಬೇಗ ಬನ್ನಿ' ಅಂದರೆ ಅವರು ಬರಿಗೈಯಲ್ಲಿ ಬಂದು ನೋಡಿ, ಬಿಡಿಭಾಗ ತರಲು ಮತ್ತೊಂದು ದಿನ ಹೋಗುತ್ತಾರೆ. ಹೀಗೆ ಹೇಳಿ: ಕುರ್ಚಿಯ ಮಾಡೆಲ್ ಮತ್ತು ಸೀರಿಯಲ್ ನಂಬರ್, ಕಂಟ್ರೋಲರಿನ ಹೆಸರು, ಎಷ್ಟು ದೀಪ ಮಿನುಗಿತು, ಕ್ಲಿಕ್ ಎರಡೂ ಕಡೆ ಬಂತಾ, ಲಿವರ್ ಮತ್ತು ಚಾರ್ಜರ್ ನೋಡಿದ್ದೀರಿ ಅನ್ನುವುದು, ಬ್ಯಾಟರಿಗಳ ವೋಲ್ಟೇಜ್, ಕೊನೆಯ ಸಲ ಚೆನ್ನಾಗಿ ಓಡಿದ್ದು ಎಲ್ಲಿ, ಆಮೇಲೆ ಏನಾಯಿತು. ನಂಬರುಗಳಿರುವ ಸ್ಟಿಕ್ಕರ್ ಸೀಟಿನ ಕೆ‍ಳಗೆ ಇರುತ್ತದೆ, ಕೂತಾಗ ಕಾಣುವುದಿಲ್ಲ. ಇವತ್ತೇ ಅದರ ಫೋಟೋ ತೆಗೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಮೆಕ್ಯಾನಿಕ್ ಮನೆಗೆ ಬಂದಾಗ ನಿಮ್ಮ ಬದಲು ಪಕ್ಕದಲ್ಲಿದ್ದವರನ್ನು ಕೇಳಿದರೆ, ಉತ್ತರ ನೀವೇ ಕೊಡಿ.